ಸೇಯಾಳ ರಕ್ತದಲ್ಲಿ ಇಲ್ಲದ್ದು

"ಹೂವಿಗೆ ನೂರಾ ಎಂಬತ್ತು ಯೂರೋ, ಈ ಬ್ರೆಡ್ ಕೇಕುಗಳಿಗೆ ಅದಕ್ಕಿಂತ ಜಾಸ್ತಿ. ಶವಪೆಟ್ಟಿಗೆ ಮಾತ್ರ ಅಗ್ಗದ್ದು," ಎನ್ನುತ್ತ ಇರ್ಯಾ ಸೀಗಡಿ ಜೋಡಿಸಿದ ಕೇಕನ್ನು ಚೌಕಚೌಕವಾಗಿ ಕೊಯ್ಯುತ್ತಿದ್ದಳು. "ಸೇಯಾನೇ ಹೇಳಿಟ್ಟಿದ್ದಳು. ಮಣ್ಣಿಗೆ ಹೋಗೋದಕ್ಕೆ ಯಾಕೆ ದುಡ್ಡು, ಬಂದೋರಿಗೆ ಚೆನ್ನಾಗಿ ತಿನ್ನೋಕೆ ಹಾಕಿ ಅಂತ."

"ಎಲ್ಲರಿಗೂ ಸಾಲುತ್ತಾ ದೊಡ್ಡಮ್ಮ?" ಸೇಯಾಳ ಒಬ್ಬಳೇ ಮಗಳು ಸಾತು ಕೇಳಿದಳು.

"ಸಾಲದೆ ಏನು? ಅರ್ಧ ಜನ ಅವಳ ಮೀನಂಗಡಿಯವರು. ಸೀಗಡಿ ಕಂಡರೆ ಮುಖ ತಿರುಗಿಸ್ತಾರೆ. ಕಾಫಿ ಮಾತ್ರ ಇನ್ನೊಂದು ಪಾತ್ರೆ ಇಡು. ನಿನ್ನ ಹೂವಿನ ರಿಬ್ಬನ್ ಮೇಲೆ ಏನು ಬರೆಸಿದೀಯಾ?"

"ಅಲ್ಲೇ ಓದ್ತೀನಲ್ಲ. ಕೇಳಿಸ್ಕೋ."

ಇರ್ಯಾ ತಂಗಿಯ ಮಗಳ ಮುಖವನ್ನೊಮ್ಮೆ ನೋಡಿದಳು. ಮತ್ತೆ ಕೇಳಲಿಲ್ಲ. ಎರಡನೇ ಪ್ರಶ್ನೆ ಕೇಳುವ ಅಭ್ಯಾಸ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ.

ಪ್ರಾರ್ಥನಾಮಂದಿರದಲ್ಲಿ ಮೊದಲು ಸಾತುವೇ ಪೆಟ್ಟಿಗೆಯ ಹತ್ತಿರ ಹೋಗಬೇಕಿತ್ತು. ಹೂವಿಟ್ಟು, ರಿಬ್ಬನ್ನು ಬಿಡಿಸಿ, ಎಲ್ಲರಿಗೂ ಕೇಳುವಂತೆ ಓದಿದಳು.

"ಅಮ್ಮ, ಕ್ಷಮಿಸು. ಸಾತು."

ಅಷ್ಟೇ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಇರ್ಯಾ ತನ್ನ ಕೈಗವಸನ್ನು ಹಿಂಡುತ್ತ ಕೂತಳು.

ನೆಂಟರು, ಅಂಗಡಿಯವರು, ನೆರೆಯವರು ಒಬ್ಬೊಬ್ಬರಾಗಿ ಹೋಗಿಬಂದರು. ಕೊನೆಗೆ ಯಾರಿಗೂ ಗುರುತಿಲ್ಲದ ಮೂವರು ಎದ್ದರು. ಅವರಲ್ಲಿ ಹಿರಿಯಳಾದ ಹೆಂಗಸು ಬಿಳಿ ಹೂಗಳನ್ನಿಟ್ಟು ಓದಿದಳು: "ಸೇಯಾ, ನಿನ್ನಿಂದ ನಮ್ಮ ಕೆಲಸ ಸುಳ್ಳಾಗದೆ ಉಳಿಯಿತು. ಕೃತಜ್ಞತೆಯಿಂದ, ತುರ್ಕು ಊರಿನ ಲ್ಯಾಬಿನವರು."

ಅಮ್ಮನಿಗೆ ಚಿಕಿತ್ಸೆ ಕೊಡುತ್ತಿದ್ದವರು ಇರಬೇಕು ಎಂದುಕೊಂಡಳು ಸಾತು.

*

ಸಾತುವಿಗೆ ಹದಿನಾಲ್ಕು ವರ್ಷವಾಗಿದ್ದಾಗಿನ ಬೇಸಿಗೆ. ನಡುಬೇಸಿಗೆಯ ಹಬ್ಬಕ್ಕೆ ಎಲ್ಲರೂ ಸರೋವರದ ದಡದ ಗುಡಿಸಲಲ್ಲಿ ಸೇರಿದ್ದರು. ಸೇಯಾಳಿಗೆ ಆಗಲೂ ನೆಗಡಿ, ಕಿವಿನೋವು. ವರ್ಷದಲ್ಲಿ ಅರ್ಧಕಾಲ ಅವಳಿಗೆ ಏನಾದರೊಂದು ಇದ್ದೇ ಇರುತ್ತಿತ್ತು. ಸಾತು ಪಾತ್ರೆ ತೊಳೆಯುವುದಿಲ್ಲ ಎಂದು ಹಟ ಹಿಡಿದಾಗ ಇರ್ಯಾಳಿಗೆ ರೇಗಿತು.

"ನಿನ್ನ ಹೆರೋವಾಗ ಸಾಯೋದರಲ್ಲಿದ್ದಳು ನಿಮ್ಮಮ್ಮ. ಆವತ್ತಿಂದ ಇವಳು ಅರ್ಧ ಆಳಾಗಿದಾಳೆ. ಒಂದು ತಟ್ಟೆ ತೊಳೆಯೋಕೆ ಆಗಲ್ವಾ ನಿನಗೆ?"

ಸೇಯಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಇರ್ಯಾ, ಸಾಸೇಜು ಸೀದುಹೋಗ್ತಾ ಇದೆ," ಎಂದಷ್ಟೇ ಹೇಳಿ ಒಲೆಯತ್ತ ನಡೆದಳು.

ಸಾತು ಆ ದಿನ ಎಲ್ಲ ಪಾತ್ರೆಗಳನ್ನೂ ತೊಳೆದಳು. ಅಮ್ಮ ವರ್ಷಕ್ಕೆರಡು ಸಲ ಬಸ್ಸು ಹತ್ತುವಾಗ "ಲ್ಯಾಬಿಗೆ ಹೋಗಿಬರ್ತೀನಿ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ, ನನ್ನಿಂದಾದ ಕಾಯಿಲೆಗೆ ಹೋಗುತ್ತಿದ್ದಾಳೆ ಎಂದು ಮಗಳು ಲೆಕ್ಕ ಹಾಕಿಕೊಳ್ಳುತ್ತಿದ್ದಳು.

*

ಮಣ್ಣು ಮುಗಿದ ಮೇಲೆ ಎಲ್ಲರೂ ಸಭಾಂಗಣಕ್ಕೆ ಬಂದು ಕೈ ಬೆಚ್ಚಗೆ ಮಾಡಿಕೊಂಡರು. ಬಿಳಿ ಹೂ ತಂದಿದ್ದ ಹೆಂಗಸು ತಟ್ಟೆ ಹಿಡಿದು ನೇರವಾಗಿ ಸಾತುವಿನ ಪಕ್ಕದಲ್ಲಿ ಕೂತಳು.

"ನಾನು ರಿತ್ವಾ. ನಿಮ್ಮಮ್ಮನ ತೋಳಿಗೆ ಮೂವತ್ತು ವರ್ಷ ಸೂಜಿ ಚುಚ್ಚಿದವಳು. ಒಂದು ಮಾತು ಕೇಳಲಾ? ಕ್ಷಮಿಸು ಅಂದ್ಯಲ್ಲ, ಯಾತಕ್ಕೆ?"

ಹಾಗೆ ಯಾರೂ ಕೇಳುತ್ತಿರಲಿಲ್ಲ. ಸಾತು ಕಾಫಿಯ ಬಟ್ಟಲನ್ನೇ ನೋಡುತ್ತ ಹೇಳಿದಳು. "ನನ್ನ ಹೆತ್ತು ಕಾಯಿಲೆ ಬಿದ್ದಳಲ್ಲ. ಅದಕ್ಕೇ ತಾನೇ ನಿಮ್ಮಲ್ಲಿಗೆ ಬರ್ತಿದ್ದದ್ದು."

ರಿತ್ವಾ ಚಮಚ ಕೆಳಗಿಟ್ಟಳು. "ಅಯ್ಯೋ ದೇವರೇ. ನಮ್ಮಲ್ಲಿ ಯಾರಿಗೂ ಔಷಧ ಕೊಡಲ್ಲ ಕಣಮ್ಮ. ನಾವೇ ಅವಳ ಹತ್ತಿರ ಇಸ್ಕೋತಿದ್ವಿ."

"ಏನನ್ನ?"

"ಕಣ್ಣೀರಲ್ಲಿ, ಎಂಜಲಲ್ಲಿ, ಎದೆಹಾಲಲ್ಲಿ ಒಂದು ಕಾವಲಿನ ಪ್ರೋಟೀನ್ ಇರುತ್ತೆ. ಐಜಿಎ ಅಂತೀವಿ. ನಿಮ್ಮಮ್ಮನಿಗೆ ಅದು ಹುಟ್ಟಿನಿಂದ್ಲೇ ಇರಲಿಲ್ಲ. ಅದಕ್ಕೇ ಆ ನೆಗಡಿ, ಕಿವಿನೋವು. ನೀನು ಹುಟ್ಟೋಕೆ ಮುಂಚೇನೂ ಇದ್ದದ್ದೇ."

"ಮತ್ತೆ ಹೆರಿಗೇಲಿ?"

"ರಕ್ತ ಹೋಯ್ತು ಅಂತ ಬೇರೆಯವರ ರಕ್ತ ಕೊಟ್ಟರು. ಅದರಲ್ಲಿದ್ದ ಐಜಿಎ ಅವಳ ಮೈಗೆ ಆಗಲಿಲ್ಲ. ಉಸಿರು ಕಟ್ಟಿತು. ಹಾಗಾದದ್ದರಿಂದಲೇ ಡಾಕ್ಟರು ಹುಡುಕಿ ಕಂಡುಹಿಡಿದರು, ಇವಳಿಗೆ ಸಾಮಾನ್ಯ ರಕ್ತ ಕೊಡಬಾರದು ಅಂತ ಚೀಟಿ ಬರೆದುಕೊಟ್ಟರು. ಆಮೇಲೆ ಹೊಟ್ಟೇಲಿ ಹುಣ್ಣು ಒಡೀತಲ್ಲ, ನೆನಪಿದೆಯಾ?"

"ಇದೆ." ಅದನ್ನೂ ಸಾತು ತನ್ನ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು.

"ಆವತ್ತು ಚೀಟಿ ನೋಡಿ, ಐಜಿಎ ಹೋಗೋ ಹಾಗೆ ತೊಳೆದ ರಕ್ತ ಕೊಟ್ಟರು, ಬದುಕಿದಳು. ನಮ್ಮಲ್ಲಿ ತೋಳು ಮಡಚುವಾಗೆಲ್ಲ ಅದನ್ನೇ ಹೇಳೋಳು. ಮಗಳು ಹುಟ್ಟದಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ, ನನ್ನ ಜೀವ ಉಳಿಸಿದ್ದೇ ಅವಳು ಅಂತ. ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿತ್ತು."

ಕಾಫಿ ಪಾತ್ರೆ ಹಿಡಿದು ಇರ್ಯಾ ಹಿಂದೆಯೇ ನಿಂತಿದ್ದಳು. "ನನಗೂ ಹೇಳಲಿಲ್ಲ ಆ ಮೂಕಿ," ಎಂದಳು.

"ನೀನು ಕೇಳಿದ್ಯಾ ದೊಡ್ಡಮ್ಮ?"

"ಇಲ್ಲ." ಇರ್ಯಾ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ಆ ಹಬ್ಬದ ದಿನ ನಾನು ಆಡಿದ್ದು ಕೆಟ್ಟ ಮಾತು ಕಣೇ. ಗೊತ್ತಿಲ್ಲದೆ ಆಡಿದ್ದು ಅನ್ನೋದೂ ನೆವವೇ." ಆಮೇಲೆ ಸಾತುವಿನ ತಟ್ಟೆಗೆ ಕೇಕಿನ ಅಂಚಿನ ದೊಡ್ಡ ತುಂಡನ್ನು ಹಾಕಿದಳು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ಸಾತು ತಿಂದಳು. ತಿನ್ನುತ್ತಲೇ ಅತ್ತಳು. ರಿತ್ವಾ ಅದನ್ನು ನೋಡದವಳಂತೆ ಮಾತು ಮುಂದುವರಿಸಿದಳು.

"ಆಡುಗಳ ರಕ್ತದಿಂದ ನಾವು ಪ್ರತಿಕಾಯ ತೆಗೀತೀವಿ. ಮನುಷ್ಯರ ಐಜಿಎ ಎಲ್ಲಿದ್ದರೂ ಹೋಗಿ ಹಿಡ್ಕೊಳ್ಳೋದು ಅದರ ಕೆಲಸ. ಸಂಶೋಧನೆ ಮಾಡೋರು ಎಲ್ಲೆಲ್ಲಿಂದಲೋ ತರಿಸ್ಕೋತಾರೆ. ಆದರೆ ಅದು ಬೇರೆ ಏನನ್ನೋ ಹಿಡಿದು ಐಜಿಎ ಅಂತ ಸುಳ್ಳು ಹೇಳಿದರೆ? ಅದಕ್ಕೆ ಐಜಿಎ ಇಲ್ಲವೇ ಇಲ್ಲದವರ ರಕ್ತದಲ್ಲಿ ಹಾಕಿ ನೋಡಬೇಕು. ಹಿಡ್ಕೊಂಡ ಕಡೆ ನೀಲಿ ಬಣ್ಣ ಬರುತ್ತೆ. ಅಲ್ಲೂ ಬಣ್ಣ ಬಂತು ಅಂದರೆ ಅಷ್ಟನ್ನೂ ಚೆಲ್ಲಿಬಿಡ್ತೀವಿ."

"ಅಮ್ಮನ ರಕ್ತ ಅದಕ್ಕಾ?"

"ಮತ್ತೆ? ಹೊಗೆ ಹಾಕಿದ ಮೀನು ತರೋಳು, ಕಾಫಿ ಕುಡಿಯೋಳು. ಇಲ್ಲದ್ದನ್ನ ಕೊಟ್ಟು ಉಪಚಾರ ಮಾಡಿಸ್ಕೊಳ್ಳೋಳು ಈ ದೇಶದಲ್ಲಿ ನಾನೊಬ್ಬಳೇ ಅಂತ ನಗೋಳು." ರಿತ್ವಾ ಕೈಚೀಲದಿಂದ ಫೋನ್ ತೆಗೆದಳು. "ಕಳೆದ ಬಾರಿ ಕೊಟ್ಟದ್ದು ಇನ್ನೂ ಫ್ರೀಜರಲ್ಲಿದೆ. ಮೊನ್ನೆ ಹೊಸ ಪ್ರತಿಕಾಯ ಪರೀಕ್ಷೆ ಮಾಡಿದ್ವಿ. ನೋಡು."

ಚಿತ್ರದಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಬೆರಳತುದಿಯಷ್ಟು ಪುಟ್ಟ ಕುಳಿಗಳು. ಎಲ್ಲವೂ ಕಡುನೀಲಿ. ಅಂಚಿನ ಒಂದು ಸಾಲು ಮಾತ್ರ ನೀಲಿಯ ಸುಳಿವೂ ಇಲ್ಲದೆ, ಈಗಷ್ಟೇ ಸುರಿದ ನೀರಿನಂತಿತ್ತು.

ಸಾತು ಕಣ್ಣೊರೆಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟಳು.

"ಇದು ಅಮ್ಮ," ಎಂದು ದೊಡ್ಡಮ್ಮನಿಗೆ ತೋರಿಸಿದಳು.