ಕಳ್ಳ ಯುದ್ಧ

ಮಾರ್ಚ್ ತಿಂಗಳ ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ ಇರಾ ಮತ್ತು ಚಾರ್ವಿ ಒಂದು ವಿಷಯ ಮಂಡಿಸಲು ಕನ್ನಡ ತರಗತಿಯ ಎದುರು ಒಟ್ಟಿಗೆ ನಿಂತರು. ಜನವರಿಯಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಸ್ವೀಡನ್ನಿನ ಉಪ್ಸಾಲಾದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಚಿಕ್ಕ ಊರು ಅದು. ಎಂಟನೇ ತರಗತಿಯ ಈ ಇಬ್ಬರೂ ಹಿಂದಿನ ವರ್ಷ ಕೊಮ್ಯೂನಿಗೆ, ಅಂದರೆ ಊರಿನ ಆಡಳಿತಕ್ಕೆ, ಶಾಲೆಯಲ್ಲಿ ಕನ್ನಡ ಕಲಿಸಿ ಎಂದು ಕೇಳಿದ್ದರು. ಐದು ಮಕ್ಕಳಿಗಿಂತ ಕಡಿಮೆ ಇದ್ದರೆ, ಇಲ್ಲವೇ ಶಿಕ್ಷಕರು ಸಿಗದಿದ್ದರೆ, ಮನೆಮಾತಿನ ಪಾಠ ನಡೆಸುವ ಹೊಣೆ ಕೊಮ್ಯೂನಿಗಿಲ್ಲ. ಅಷ್ಟು ಮಕ್ಕಳೂ ಇಲ್ಲ, ಶಿಕ್ಷಕರೂ ಇಲ್ಲ ಎಂಬ ಉತ್ತರ ಬಂತು. ಹುಡುಗಿಯರು ಸೈಕಲ್ ಹತ್ತಿ ಊರಿನ ಕನ್ನಡದ ಮನೆಗಳನ್ನೆಲ್ಲ ಸುತ್ತಿದರು. ವಿಘ್ನೇಶ್, ನೈನಾ, ವಿವಾನ್ ಸೇರಿದರು. ಉಪ್ಸಾಲಾದ ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುವ ಪದ್ಮಿನಿ ವಾರಕ್ಕೊಮ್ಮೆ ಬಂದು ಕಲಿಸಲು ಒಪ್ಪಿದರು. ಜನವರಿಯಲ್ಲಿ ತರಗತಿ ಶುರುವಾದಾಗ ಸ್ಥಳೀಯ ಪತ್ರಿಕೆ ಇಬ್ಬರು ಹುಡುಗಿಯರ ಚಿತ್ರ ಹಾಕಿತು. ಕೆಳಗೆ ಹೀಗೆ ಬರೆದಿತ್ತು: ‘ಚಾರ್ವಿ ಮತ್ತು ಆಕೆಯ ಗೆಳತಿ.’

ಪತ್ರಿಕೆಯವರಿಗೆ ಚಾರ್ವಿ ಬೇಕೆಂದೇ ತನ್ನ ಹೆಸರು ಹೇಳಲಿಲ್ಲ ಎಂದು ಇರಾ ನಂಬಿದಳು. ಮಾತು ಅಲ್ಲಿಗೆ ನಿಂತಿತು.

ಹಿಂದಿನ ದಿನ ಇರಾಳ ತಾಯಿ ಪಾವನಾ ಪದ್ಮಿನಿಗೆ ಫೋನ್ ಮಾಡಿ, ಈ ಮಂಡನೆ ಮುಗಿದ ಮೇಲೆ ಮಗಳು ತರಗತಿ ಬಿಡುತ್ತಾಳಂತೆ ಎಂದು ತಿಳಿಸಿದ್ದರು. ಇರಾ ಹೋದರೆ ಉಳಿಯುವವರು ನಾಲ್ವರು. ಬೇಸಿಗೆ ರಜೆಯ ನಂತರ ಕನ್ನಡ ತರಗತಿ ಇರುವುದಿಲ್ಲ.

ಮಂಡನೆಯ ವಿಷಯ ಅವರ ಇತಿಹಾಸದ ಪಾಠದ್ದೇ: ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರಾಳಿಗಳಾದದ್ದು ಹೇಗೆ? ಯುದ್ಧ ಮುಗಿಯುವವರೆಗಿನದು ಇರಾಳ ಪಾಲು, ಮುಂದಿನದು ಚಾರ್ವಿಯದು.

ಇರಾ ಮೊದಲ ಸ್ಲೈಡ್ ತೆರೆದಳು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಕಳ್ಳ ಯುದ್ಧ’ ಎಂದಿತ್ತು. ಇಬ್ಬರೂ ಹಂಚಿಕೊಂಡಿದ್ದ ಫೈಲಿನಲ್ಲಿ ಚಾರ್ವಿ ಅದನ್ನು ಸೋಮವಾರವೇ ನೋಡಿದ್ದಳು. ತಿದ್ದಿರಲಿಲ್ಲ.

ವಿಘ್ನೇಶ್ ಮೊದಲು ನಕ್ಕ. “ಆಂಟಿ, ಥೀಫ್ ವಾರ್ ಅಂತೆ! ಕಳ್ಳ ಯಾರು, ಅಮೆರಿಕಾನಾ ರಷ್ಯಾನಾ?”

“ಮತ್ತೆ ಪೊಲೀಸು? ಸ್ವೀಡನ್ನಾ?” ಎಂದಳು ನೈನಾ.

“ಸ್ವೀಡನ್ ಕಾಫಿ ಬ್ರೇಕ್ ತಗೊಂಡು ಫೀಕಾ ಮಾಡ್ತಾ ಕೂತಿತ್ತು,” ಎಂದ ವಿಘ್ನೇಶ್.

ಇರಾಳ ಕಿವಿ ಕೆಂಪಾಯಿತು. “ಏನು ತಪ್ಪು? ನಮ್ಮಪ್ಪ ಹಂಗೇ ಹೇಳೋದು. ಕಲ್ಲ ಯುದ್ಧ.”

“ಅಯ್ಯೋ, ‘ಕಲ್ಲ’ ಸ್ವೀಡಿಶ್ ಕಣಮ್ಮ,” ಎಂದರು ಪದ್ಮಿನಿ. “ತಣ್ಣಗಿರೋದು ಅಂತ, ಕೋಲ್ಡ್ ವಾರ್‌ನ ಕೋಲ್ಡ್. ನಿಮ್ಮಪ್ಪ ಎರಡೂ ಭಾಷೆ ಮಿಕ್ಸ್ ಮಾಡಿದಾರೆ. ನೀನು ಅದಕ್ಕೆ ಳ ಹಾಕಿದೀಯ.”

“ನೀವೇ ತಾನೆ ಆಂಟಿ, ಎವ್ರಿ ವೀಕ್ ‘ಹಲ್ಲಿ ಅಲ್ಲ ಹಳ್ಳಿ, ಮಲೆ ಅಲ್ಲ ಮಳೆ, ಳ ಹಾಕು ಳ ಹಾಕು’ ಅಂತ ಹೇಳೋದು?” ಎಂದಳು ಇರಾ.

ಇರಾ ಜಾಕೆಟ್ ಎತ್ತಿಕೊಂಡಳು. “ನಾನು ಹೋಗ್ತೀನಿ. ಉಳಿದಿದ್ದು ಅವಳೇ ಹೇಳ್ಲಿ. ಹೆಸರು ಹೆಂಗೂ ಅವಳಿಗೇ ಬರೋದು.”

ಅವಳು ಬಾಗಿಲು ತಲುಪುವಷ್ಟರಲ್ಲಿ ಚಾರ್ವಿ ಬಾಯಿ ಬಿಟ್ಟಳು.

“ಆಂಟಿ, ಅದು ತಪ್ಪಲ್ಲ. ಕಳ್ಳ ಯುದ್ಧಾನೇ ಕರೆಕ್ಟು. ಡಿಕ್ಲೇರ್ ಮಾಡಿ ಒಂದ್ಸಲಾನೂ ಫೈಟ್ ಮಾಡ್ಲಿಲ್ಲ ಅವ್ರು. ಎಲ್ಲಾ ಕದ್ದುಮುಚ್ಚಿ. ಅಮೆರಿಕಾದವ್ರ ಬಾಂಬ್ ಸೀಕ್ರೆಟ್‌ನ ಸೋವಿಯತ್ ಸ್ಪೈಗಳು ಕದ್ರು. ಅದೂ ಯುದ್ಧ ನಡೀವಾಗ್ಲೇ, ಇಬ್ರೂ ಫ್ರೆಂಡ್ಸ್ ಆಗಿದ್ದಾಗ್ಲೇ.”

ಇರಾ ಬಾಗಿಲ ಹಿಡಿಯಿಂದ ಕೈ ತೆಗೆದಳು. “ಫ್ರೆಂಡ್ಸ್ ಆಗಿದ್ರೆ ಅಮೆರಿಕಾ ಮುಚ್ಚಿಟ್ಟಿದ್ದು ಯಾಕೆ?”

“ಯಾಲ್ಟಾ ಮೀಟಿಂಗಲ್ಲಿ ಪೋಲೆಂಡ್‌ಗೆ ಫ್ರೀ ಎಲೆಕ್ಷನ್ ಅಂತ ಪ್ರಾಮಿಸ್ ಮಾಡಿ ಸೋವಿಯತ್ ಮಾಡ್ತಾ?” ಎಂದಳು ಚಾರ್ವಿ.

“ನಲವತ್ತೇಳರಲ್ಲಿ ಮಾಡಿದ್ರು.”

“ಮೋಸದ ಎಲೆಕ್ಷನ್!”

“ಫ್ರಾನ್ಸ್ ಕಡೆಯಿಂದ ಜರ್ಮನಿ ಮೇಲೆ ಬನ್ನಿ ಅಂತ ಸೋವಿಯತ್ ನಲವತ್ತೆರಡರಲ್ಲೇ ಕೇಳ್ತಾ ಇತ್ತು. ಅಮೆರಿಕಾದವ್ರು ಬಂದಿದ್ದು ನಲವತ್ನಾಲ್ಕು ಜೂನಲ್ಲಿ. ಅಲ್ಲೀವರ್ಗೂ ಎಷ್ಟು ಜನ ಸತ್ರು ಗೊತ್ತಾ?”

“ಹಂಗಾದ್ರೆ ಸ್ಟಾರ್ಟ್ ಮಾಡಿದ್ದು ಯಾರು?” ಎಂದು ನೈನಾ ಕೇಳಿದಳು.

“ಇಬ್ರಿಗೂ ಒಬ್ನೇ ಶತ್ರು ಇದ್ದ,” ಎಂದಳು ಇರಾ. “ಅವನು ಸೋತ್ಮೇಲೆ ಗೆದ್ದಿದ್ದು ಯಾರಿಂದ ಅಂತ ಜಗಳ…”

ಚಾರ್ವಿ ನೆಲ ನೋಡುತ್ತಿದ್ದಳು.

“ನಿನ್ ಹೆಸರು ಹೇಳಿದ್ದೆ ಕಣೇ ಆ ಪೇಪರ್‌ನವ್ರಿಗೆ. ಸ್ಪೆಲ್ಲಿಂಗೂ ಹೇಳಿದ್ದೆ. ಅವ್ರೇ ಕಟ್ ಮಾಡಿದ್ದು.”

“ಮೂರು ಲೆಟರ್‌ಗೆ ಸ್ಪೆಲ್ಲಿಂಗ್ ಬೇರೆ,” ಎಂದ ವಿಘ್ನೇಶ್. ಯಾರೂ ನಗಲಿಲ್ಲ.

“ಆಮೇಲೆ ಫೋನ್ ಮಾಡಿ ಹಾಕ್ಸ್‌ಬಹುದಿತ್ತು,” ಎಂದಳು ಇರಾ.

“ಹೂಂ. ಹಾಕ್ಸ್‌ಬಹುದಿತ್ತು,” ಎಂದಳು ಚಾರ್ವಿ. “ನೀನೂ ಒಂದು ಮಾತು ಕೇಳ್ಬಹುದಿತ್ತು.”

ಇರಾ ಜಾಕೆಟನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. “ಕೇಳ್ಬಹುದಿತ್ತು.”

ಪದ್ಮಿನಿ ಬೋರ್ಡಿನ ಮೇಲೆ ‘ಶೀತಲ ಸಮರ’ ಎಂದು ಬರೆದರು. “ಪುಸ್ತಕದಲ್ಲಿರೋದು ಇದು, ಬರ್ಕೊಳ್ಳಿ. ಚಾರ್ವಿ ಹೇಳಿದ್ದರಲ್ಲೂ ಅರ್ಥ ಇದೆ. ಮುಂದುವರಿಸಿ.”

ಇರಾ ಮುಂದಿನ ಸ್ಲೈಡ್ ತೆಗೆದಳು. 1945ರ ಏಪ್ರಿಲ್ 25ರಂದು ಜರ್ಮನಿಯ ಎಲ್ಬೆ ನದಿಯ ಬಳಿ ಎರಡೂ ಸೇನೆಗಳು ಸಂಧಿಸಿದ ಕತೆಯನ್ನು ಅವಳು ತಡವರಿಸುತ್ತಲೇ, ಪೂರಾ ಕನ್ನಡದಲ್ಲಿ ಹೇಳಿದಳು. ಸೈನಿಕರು ಕೈಕುಲುಕಿದರು, ಒಟ್ಟಿಗೆ ಕುಡಿದರು, ಹಾಡಿದರು. ಮೂರೇ ವರ್ಷಕ್ಕೆ ಸೋವಿಯತ್ ಪಡೆ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ಮುಚ್ಚಿತು ಎಂಬಲ್ಲಿಂದ ಚಾರ್ವಿ ಎತ್ತಿಕೊಂಡಳು. ಅವಳಿಗೆ ‘ದಿಗ್ಬಂಧನ’ ಎಂಬ ಪದ ಮರೆತಾಗ ಇರಾ ಪಕ್ಕದಿಂದ ಮೆಲ್ಲಗೆ ಹೇಳಿಕೊಟ್ಟಳು. ಳ ಇಲ್ಲದ ಪದ, ಸರಿಯಾಗಿಯೇ ಬಂತು.

ಮುಂದಿನ ಗುರುವಾರವೂ ಇರಾ ಬಂದಳು. ಆಗಸ್ಟ್‌ನಲ್ಲಿ ಶಾಲೆ ತೆರೆದಾಗ ಕನ್ನಡ ತರಗತಿಯಲ್ಲಿ ಏಳು ಮಕ್ಕಳಿದ್ದರು.