ಆಮೆಯನ್ನು ಅಂಗಿಗೆ ಹತ್ತಿಸುವ ಮೊದಲು

ನಮ್ಮ ಬೀದಿಯಲ್ಲಿ ಅಂಗಿಗಳ ಮೇಲೆ ಚಿತ್ರ ಅಚ್ಚು ಹಾಕುವ ಅಂಗಡಿ ಒಂದೇ ಒಂದು. ಅದು ನನ್ನ ತಮ್ಮನದು. ಅವನು ಹಾಕಿದ ಬಣ್ಣ ಹೋಗಬೇಕಾದರೆ ಮೊದಲು ಬಟ್ಟೆ ಹೋಗಬೇಕು, ಆಮೇಲೆ ತೊಟ್ಟವರು ಹೋಗಬೇಕು. ಆಗಲೂ ಬಣ್ಣ ಹೋಗುವುದು ಅನುಮಾನ. ಪಕ್ಕದ ಮಳಿಗೆಯಲ್ಲಿ ಆ ಅಂಗಿಗಳನ್ನು ಹೊಲಿಯುವವಳು ನಾನು. ನಾನು ಹೊಲಿದ ಗುಂಡಿ ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಇದನ್ನು ಜಂಬ ಎಂದು ತಿಳಿಯಬೇಡಿ, ಕಡಿಮೆ ಮಾಡಿಯೇ ಹೇಳಿದ್ದೇನೆ.

ತಮ್ಮನಿಗೆ ಒಂದೇ ಒಂದು ಚಟ, ಒರೆಸುವುದು. ಅವನ ಕಸುಬೇ ಹಾಗೆ. ಚಿತ್ರವನ್ನು ಮೊದಲು ಪಾರದರ್ಶಕ ಹಾಳೆಗೆ ಎತ್ತಿಕೊಂಡು, ತೆಳುಬಟ್ಟೆ ಬಿಗಿದ ಚೌಕಟ್ಟಿಗೆ ಬೆಳಕು ಹಾಯಿಸಿ ಇಳಿಸಬೇಕು. ಹಾಳೆಯಲ್ಲಿ ಒಂದು ಚುಕ್ಕೆ ಇದ್ದರೆ ಅಂಗಿಯಲ್ಲೂ ಒಂದು ಚುಕ್ಕೆ. ಹೀಗಾಗಿ ಅವನ ಹೆಗಲ ಮೇಲೆ ಸದಾ ಒಂದು ಬಟ್ಟೆ. ಏಣಿ ಸಿಕ್ಕರೆ ಚಂದ್ರನ ಕಲೆಯನ್ನೂ ಒರೆಸಿ ಬಂದಾನು. ಬೀದಿಯವರು ಅವನನ್ನು ಕರೆಯುವುದೇ ಒರೆಸಪ್ಪ ಎಂದು.

ಅವನ ಮಗಳನ್ನು ನಾನು ಬಿರುಗಾಳಿ ಎನ್ನುತ್ತೇನೆ. ಅವಳ ಸೈಕಲ್ ಅಷ್ಟು ನಿಧಾನ. ಹಿಂದಿನಿಂದ ಬಂದ ಬಸವನಹುಳು ದಾರಿ ಬಿಡು ಎಂದು ಗದರಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಇಂಥವಳು ಊರಿನ ಸೈಕಲ್ ಸ್ಪರ್ಧೆಗೆ ಹೆಸರು ಕೊಟ್ಟು ಬಂದಳು. ಅವಳ ಮೊದಲ ಸ್ಪರ್ಧೆ. ಬೆನ್ನ ಮೇಲೆ ಟಪಾಲು ಆಮೆ ಇರುವ ಅಂಗಿ ತೊಟ್ಟೇ ಓಡಿಸುತ್ತೇನೆ ಎಂದಳು.

ಟಪಾಲು ಆಮೆ ಎಂದರೆ ಮಕ್ಕಳ ಮಾಸಪತ್ರಿಕೆಯ ಚಿತ್ರಕಥೆಯಲ್ಲಿ ಬರುವ ಆಮೆ. ಎಷ್ಟೇ ತಡವಾಗಲಿ, ಕಾಗದ ತಲುಪಿಸದೆ ಮನೆಗೆ ಮರಳುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಇವಳ ನಿಧಾನವನ್ನು ಆಡಿಕೊಂಡಾಗ ಜೊತೆಗಿದ್ದದ್ದು ಆ ಆಮೆಯೊಂದೇ. ಅದನ್ನು ಸೈಕಲ್ ಹತ್ತಿಸಿ, ಟೋಪಿ ಗಾಳಿಗೆ ಹಾರುವಂತೆ ಅವಳೇ ಚಿತ್ರ ಬರೆದಿದ್ದಳು. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಆಮೆಯನ್ನು ಹುಟ್ಟಿಸಿದ ಚಿತ್ರಗಾರ್ತಿಯ ಹೆಸರು, ಅದರ ಕೆಳಗೆ ತನ್ನ ಹೆಸರು.

ಒರೆಸಪ್ಪ ಹಳೆಯ ಬಟ್ಟೆಯ ಮೇಲೆ ಒಂದು ಮಾದರಿ ಎಳೆದು ತೋರಿಸಿದ. ಆಮೆ ಎದ್ದು ಬಂದು ಮಾತಾಡಿಸುವಂತಿತ್ತು. ಮೂಲೆ ಮಾತ್ರ ಖಾಲಿ. ಏನೋ ಕಲೆ ಇತ್ತು, ಒರೆಸಿದೆ ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

ಮಗಳ ಮುಖ ಸಣ್ಣದಾಯಿತು. “ರಾತ್ರಿ ಹಗಲು ಕೂತು ಬರೆದೋಳು ನಾನು. ನನ್ನ ಹೆಸರು ನಿಂಗೆ ಕಲೆ ಥರ ಕಾಣ್ತಾ ಅಪ್ಪಾ?”

ಆ ಹೊತ್ತಿಗೆ ಸರಿಯಾಗಿ ಗ್ರಂಥಾಲಯದ ಮೇಡಂ ತಮ್ಮ ಪುಸ್ತಕದ ಚೀಲಗಳಿಗೆ ಅಚ್ಚು ಹಾಕಿಸಲು ಬಂದರು. ಕಥೆಯೆಲ್ಲ ಕೇಳಿದರು. ಹೆಸರು ಹಾಕುವುದು ಒಳ್ಳೆಯದೇ, ಆದರೆ ಆಮೆಯ ಒಡತಿಯನ್ನು ಒಂದು ಮಾತು ಕೇಳಿದ್ದೀರಾ ಎಂದರು.

ತಮ್ಮ ನಕ್ಕುಬಿಟ್ಟ. ಪತ್ರಿಕೆ ದುಡ್ಡು ಕೊಟ್ಟು ತಂದದ್ದು, ಚಿತ್ರ ಮಗಳು ಬರೆದದ್ದು, ಬಟ್ಟೆ ನನ್ನದು, ತೊಡುವವಳು ಮನೆಯವಳು, ನಡುವೆ ಬೇರೆಯವರ ಅಪ್ಪಣೆ ಎಲ್ಲಿಂದ ಬಂತು ಎಂದ. ಮೇಡಂ ಬೇಸರಿಸದೆ ಬಿಡಿಸಿ ಹೇಳಿದರು. ಪತ್ರಿಕೆ ಕೊಂಡರೆ ಕಾಗದ ನಮ್ಮದಾಗುತ್ತದೆ, ಆಮೆ ನಮ್ಮದಾಗುವುದಿಲ್ಲ. ಗೆರೆ ಮಗಳದೇ ಇರಬಹುದು, ಆದರೆ ಆ ಆಮೆ, ಅದರ ಟೋಪಿ, ಅದರ ಚೀಲ ಇನ್ನೊಬ್ಬರ ತಲೆಯಲ್ಲಿ ಹುಟ್ಟಿದವು. ಆ ಹಕ್ಕಿಗೇ ಕಾಪಿರೈಟ್ ಎನ್ನುವುದು. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಸ್ವಂತಕ್ಕೆ ಒಂದೇ ಅಂಗಿ ಎಂದರೆ ಕೆಲವು ಕಡೆ ಕಾನೂನು ಸುಮ್ಮನಿರಬಹುದು, ಕೆಲವು ಕಡೆ ಇರದು. ಕೇಳಿ ಪಡೆದರೆ ಎಲ್ಲ ಕಡೆಯೂ ನೆಮ್ಮದಿ.

“ಒಂದು ಅಂಗಿಗೆ ಇಷ್ಟೊಂದು ರಾದ್ಧಾಂತನಾ ಮೇಡಂ?” ಎಂದ ತಮ್ಮ.

ನನ್ನ ನಾಲಿಗೆ ಸುಮ್ಮನಿದ್ದೀತೇ? “ಎದುರು ಅಂಗಡಿಯವ್ನು ನಿನ್ನ ಬೋರ್ಡಿನ ಅಕ್ಷರಾನ ಹಾಗೇ ಇಳಿಸ್ಕೊಂಡಾಗ ಊರೆಲ್ಲ ಒಂದು ಮಾಡಿದ್ಯಲ್ಲೋ. ಒಂದು ಮಾತು ಕೇಳಿದ್ರೆ ನಾನೇ ಬರ್ಕೊಡ್ತಿದ್ದೆ ಅಂತ ಅತ್ತೋರು ಯಾರು, ನಾನಾ?”

ತಮ್ಮ ಹೆಗಲ ಬಟ್ಟೆಯಿಂದ ತನ್ನ ಮುಖವನ್ನೇ ಒರೆಸಿಕೊಂಡ.

ಬಿರುಗಾಳಿ ಅಂದೇ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತಳು. ಪತ್ರಿಕೆಯ ಒಳಪುಟದಲ್ಲಿ ಚಿತ್ರ ಬಳಸಲು ಅನುಮತಿ ಬೇಕು ಎಂದೇ ಅಚ್ಚಾಗಿತ್ತು. ನಾವು ಯಾರೂ ಆ ಪುಟ ಓದಿರಲಿಲ್ಲ. ತಾನು ಯಾರು, ಯಾವ ಆಮೆ, ಒಂದೇ ಅಂಗಿ, ತೊಡುವುದು ತಾನೇ, ಮಾರುವುದಿಲ್ಲ ಎಂದೆಲ್ಲ ಬರೆದು, ತನ್ನ ಚಿತ್ರವನ್ನೂ ಜೊತೆಗಿಟ್ಟು ಪತ್ರಿಕೆಯವರಿಗೆ ಕಳಿಸಿದಳು. ನಮ್ಮದು ಮೂರು ಲೋಕದಲ್ಲೇ ದೊಡ್ಡ ಅಂಗಡಿ ಎಂದೂ ಸೇರಿಸು ಎಂದೆ. ಸೇರಿಸಲಿಲ್ಲ. ಆಮೆಯ ಹಕ್ಕು ನಮ್ಮಲ್ಲಿಲ್ಲ, ಚಿತ್ರಗಾರ್ತಿಯ ಬಳಿಯೇ ಇದೆ ಎಂದು ಪತ್ರಿಕೆಯವರು ವಿಳಾಸ ತಿಳಿಸಿದರು. ಅಲ್ಲಿಗೂ ಬರೆದಳು. ಆಮೇಲೆ ಸದ್ದಿಲ್ಲ, ಸುದ್ದಿಯಿಲ್ಲ.

ಸ್ಪರ್ಧೆ ಹತ್ತಿರ ಬಂತು. ಮೌನವೇ ಸಮ್ಮತಿ ಎನ್ನುತ್ತಾರಲ್ಲ, ಅಚ್ಚು ಹಾಕಿಯೇ ಬಿಡುತ್ತೇನೆ ಎಂದು ಒರೆಸಪ್ಪ ಚೌಕಟ್ಟು ಹೊರತೆಗೆದ.

“ಆ ಮಾತು ನಂಬಿ ಎಷ್ಟು ಮದ್ವೆ ಕೆಟ್ಟಿದೆಯೋ,” ಎಂದರು ಚೀಲ ಒಯ್ಯಲು ಬಂದಿದ್ದ ಮೇಡಂ. “ಉತ್ತರ ಬಂದಿಲ್ಲ ಅಂದ್ರೆ ಅನುಮತಿ ಇನ್ನೂ ಬಂದಿಲ್ಲ ಅಂತ, ಅಷ್ಟೇ.”

ಬಿರುಗಾಳಿ ನನ್ನ ಮಳಿಗೆಗೆ ಬಂದು ಒಂದು ಬಿಳಿ ಅಂಗಿ ಎತ್ತಿಕೊಂಡಳು. “ಉತ್ತರ ಬರ್ದೇ ಇದ್ರೆ ಇದ್ರಲ್ಲೇ ಓಡಿಸ್ತೀನಿ ಅತ್ತೆ. ಕೇಳ್ದೆ ಎತ್ಕೊಂಡು ಬಂದ ಆಮೆನ ಹೊತ್ಕೊಂಡು ನಂಗೆ ಪೆಡಲ್ ತುಳಿಯೋಕಾಗಲ್ಲ.”

ನನ್ನ ಎದೆ ಉಬ್ಬಿದ ರಭಸಕ್ಕೆ ಮೈಮೇಲಿನ ಬಟ್ಟೆಯ ಹೊಲಿಗೆ ಬಿಡಬೇಕಿತ್ತು. ಹೊಲಿದವಳು ನಾನಾದ್ದರಿಂದ ಬಿಡಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಉತ್ತರ ಬಂತು. ಚಿತ್ರಗಾರ್ತಿ ಊರಲ್ಲಿರಲಿಲ್ಲವಂತೆ. ಒಂದು ಅಂಗಿಗೆ ಧಾರಾಳವಾಗಿ ಹಾಕಿಕೋ, ಮಾರಬೇಡ, ಇಬ್ಬರ ಹೆಸರೂ ಓದುವಂತಿರಲಿ ಎಂದು ಬರೆದಿದ್ದರು. ಕೊನೆಗೆ ಒಂದು ಮಾತು: “ನನ್ನ ಆಮೆಗೆ ಸೈಕಲ್ ಕೊಡಿಸಬೇಕೆಂದು ಇಷ್ಟು ವರ್ಷ ನನಗೇ ಹೊಳೆಯಲಿಲ್ಲ. ಆದರೆ ಬ್ರೇಕ್ ಯಾಕೆ ಬರೆದೆ ಮಗೂ? ಅದಕ್ಕೆ ಬೇಕಾಗುವುದಿಲ್ಲ.”

ಒರೆಸಪ್ಪ ಹೊಸ ಹಾಳೆ ಮಾಡಿದ. ಎರಡು ಹೆಸರುಗಳನ್ನೂ ಕಿರುಬೆರಳಿನಷ್ಟು ದಪ್ಪ ಮಾಡಿದ. ಅಚ್ಚಿಗೆ ಇಳಿಸುವ ಮುನ್ನ ಅವನ ಕೈ ತಾನಾಗಿ ಹೆಗಲ ಕಡೆ ಹೋಯಿತು. ಅವನು ಆ ಬಟ್ಟೆ ತೆಗೆದು ನನಗೆ ಕೊಟ್ಟ. “ನೀನೇ ಇಟ್ಕೊ ಅಕ್ಕಾ. ನನ್ನ ಕೈ ನಂಬೋ ಹಾಗಿಲ್ಲ.”

ಇನ್ನು ಸ್ಪರ್ಧೆಯ ವಿಷಯ. ಮುಂದೆ ಹೋದವರ ಬೆನ್ನ ಮೇಲೆ ಏನಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಹುಡುಗಿಯ ಬೆನ್ನನ್ನು ಮಾತ್ರ ಬೀದಿಯ ಎರಡೂ ಬದಿಯವರು ಅಕ್ಷರ ಅಕ್ಷರ ಕೂಡಿಸಿ ಓದಿದರು. ಕನ್ನಡಕ ಮರೆತವರು ಮನೆಗೆ ಹೋಗಿ ತಂದು ಓದಿದರು. ಎರಡೂ ಹೆಸರು ಊರಿಗೇ ಬಾಯಿಪಾಠ. ಅವಳು ಕೊನೆಯಿಂದ ಮೊದಲನೆಯವಳಾಗಿ ಬಂದಳು, ಆದರೆ ಆಮೆಯ ಹಾಗೆ ತಲುಪದೆ ಬಿಡಲಿಲ್ಲ.

ಅಲ್ಲೇ ಸೈಕಲ್ ಸಂಘದ ಹಿರಿಯರು ನಮ್ಮವರಿಗೆಲ್ಲ ಇಂಥದೇ ಅಂಗಿ ಬೇಕು ಎಂದು ಒರೆಸಪ್ಪನನ್ನು ಹಿಡಿದುಕೊಂಡರು. ಅವನು ಎದೆ ಸೆಟೆಸಿ ನಿಂತ. “ಅನುಮತಿ ಇರೋದು ಇದೊಂದಕ್ಕೇ ಸ್ವಾಮಿ. ನಿಮಗೆ ಬೇಕಾದ್ರೆ ಆಮೆಯ ಒಡತಿನ ಕೇಳಿ. ಚಿತ್ರ ಬರೆದೋಳನ್ನೂ ಕೇಳ್ಬೇಕು. ಅಗೋ, ಏದುಸಿರು ಬಿಡ್ತಾ ಕೂತಿದ್ದಾಳಲ್ಲ, ಅವಳೇ. ನನ್ನ ಮಗಳು.”

ಓದುತ್ತಿರುವ ತಾಯಂದಿರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಮೆಚ್ಚಿನ ಚಿತ್ರಕಥೆಯ ಚಿತ್ರ ಬರೆಯುವ ಮಕ್ಕಳಿರುತ್ತಾರೆ. ಬರೆಯಲಿ, ತಡೆಯಬೇಡಿ. ಅಂಗಿಗೆ ಹಾಕಿಸುವ ಮೊದಲು ಮಾತ್ರ ಆ ಪಾತ್ರದ ಹಕ್ಕು ಯಾರದೆಂದು ಹುಡುಕಿ, ಅವರ ನಿಯಮ ಓದಿ, ಬರಹದಲ್ಲಿ ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಡಿ. ಎಷ್ಟಕ್ಕೆ ಒಪ್ಪಿದ್ದಾರೋ ಅಷ್ಟೇ ಮಾಡಿ. ಬೇಡ ಎಂದರೆ ಬಿಡಿ. ಬರೆಯಲು ಬಲ್ಲ ಕೈ ತನ್ನದೇ ಆಮೆಯೊಂದನ್ನು ಹುಟ್ಟಿಸೀತು.

ಅನುಮತಿ ತಂದವರು ಯಾವಾಗ ಬೇಕಾದರೂ ನಮ್ಮಲ್ಲಿಗೆ ಬನ್ನಿ. ಬಣ್ಣ ತಮ್ಮ ಹಾಕುತ್ತಾನೆ, ಗುಂಡಿ ನಾನು ಹೊಲಿಯುತ್ತೇನೆ. ಅನುಮಾನವಿದ್ದರೆ ಆನೆಯನ್ನು ನೀವೇ ಕರೆತನ್ನಿ.