ಅಜ್ಜನ ಹೆಸರು

ಯಾರು ಕೇಳಿದರೂ ತನ್ನ ನಿಜವಾದ ಹೆಸರು ಹೇಳಬಾರದು ಎಂದು ಅಜ್ಜ ನನ್ನ ಅಮ್ಮನಿಂದ ಮಾತು ತೆಗೆದುಕೊಂಡದ್ದು ಪೋಲ್ ಪಾಟ್ ಕಾಲದಲ್ಲಿ. ಅಮ್ಮನಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಹಳೇ ಸರ್ಕಾರದ ನೌಕರರನ್ನು ಹುಡುಕಿ ಕೊಲ್ಲುತ್ತಿದ್ದರು. ಅದರಲ್ಲಿ ಸರ್ವೆ ಕೆಲಸದಲ್ಲಿದ್ದ ಅಜ್ಜ, ಬೇರೆ ಹೆಸರಿಟ್ಟುಕೊಂಡು ತಾಳೆಮರ ಹತ್ತುವವನಾಗಿದ್ದ. ಪೋಲ್ ಪಾಟ್‌ನ ಸೈನಿಕರಿಗೆ, ಆ ಕರಿಬಟ್ಟೆಯವರಿಗೆ, ಅನುಮಾನ ಬಂತು. ಮಗಳನ್ನು ಕರೆದು ಕೇಳಿದರು. ಅವಳು ಹೇಳಲಿಲ್ಲ. ಆದರೂ ಅವಳ ಎದುರೇ ಅವನನ್ನು ಕೊಂದರು. ಅತ್ತದ್ದಕ್ಕೆ ಗುದ್ದಲಿಯ ಕಾವು ಅವಳ ತಲೆಗೂ ಬಿತ್ತು.

ಆಮೇಲೆ ಮೂರ್ಛೆ ಶುರುವಾಯಿತು. ನಮ್ಮ ಕಡೆ ಅದಕ್ಕೆ ಹಂದಿಹುಚ್ಚು ಅನ್ನುತ್ತಾರೆ. ಪಕ್ಕದ ಮನೆಯ ಯೇನ್ ಚಿಕ್ಕಮ್ಮ, "ನಿಮ್ಮಮ್ಮಂಗೆ ಹಂದಿಮಾಂಸ ಬಡಿಸ್ಬೇಡ ಕಣೇ, ನೆಂಟಸ್ತನ ಎದ್ದುಬಿಡುತ್ತೆ" ಎಂದು ನಗುತ್ತಿದ್ದಳು. ಅಮ್ಮನೂ ನಗುತ್ತಿದ್ದಳು.

ಬಟ್ಟಂಬಾಂಗ್ ಪಟ್ಟಣದ ಡಾಕ್ಟರು, ಪೆಟ್ಟಿನಿಂದ ಬರುವ ಮೂರ್ಛೆಗೆ ಮಾತ್ರೆ ಇದೆ, ನುಂಗಿಕೊಂಡ ಭಯದಿಂದ ಬರುವುದಕ್ಕೆ ಇಲ್ಲ, ಇವರಿಗೆ ಎರಡೂ ಇವೆ ಅಂದರು. ಮಾತ್ರೆ ಕೆಲಸ ಮಾಡಿತು. ಆದರೆ ಪ್ಚುಮ್ ಬೆನ್ ಬಂದಾಗೆಲ್ಲ ಅಮ್ಮ ಬೀಳುತ್ತಿದ್ದಳು. ಅದು ಸತ್ತವರಿಗೆ ಅನ್ನವಿಡುವ ಹಬ್ಬ. ವಿಹಾರದಲ್ಲಿ ಹೆಸರು ಹಿಡಿದು ಕರೆದರೆ ಮಾತ್ರ ಅನ್ನ ಅವರಿಗೆ ಮುಟ್ಟುತ್ತದೆ. ಅಜ್ಜನ ಹೆಸರು ಅಮ್ಮನಿಗೊಬ್ಬಳಿಗೇ ಗೊತ್ತು. ನನಗೂ ಹೇಳಿರಲಿಲ್ಲ.

ಈ ಸಲ ಅವಳೇ ಹೊರಟು ನಿಂತಳು. ಅವಳಪ್ಪ ಕನಸಿನಲ್ಲಿ ಖಾಲಿ ಬಟ್ಟಲು ಹಿಡಿದು ಬಂದಿದ್ದನಂತೆ. ನನ್ನ ಮಗಳು ಅನ್ನದ ಕ್ಯಾರಿಯರ್ ಹಿಡಿದಳು, ನಾನು ಅಮ್ಮನ ಕೈ ಹಿಡಿದೆ.

ವಿಹಾರದಲ್ಲಿ ಪೂಜೆ ನಡೆಸುವ ಆಚಾರ್ ಸಾರೂನ್ ತಾತ ಹೆಸರು ಕೇಳಿದ. ಅಮ್ಮ ಬಾಗಿಲ ಕಡೆ ತಿರುಗಿ ನೋಡಿದಳು.

"ಹೇಳವ್ವ. ಹೆಸರಿಲ್ದೆ ಕಳಿಸಿದ್ರೆ ದಾರೀಲಿ ಬೇರೆಯವರ ಅಪ್ಪ ತಿಂದುಬಿಡ್ತಾನೆ" ಎಂದು ಅವನು ನಕ್ಕ.

ಅಮ್ಮ ಬಾಯಿ ತೆರೆದಳು. ಗಂಟಲಲ್ಲಿ ಏನೋ ಸದ್ದಾಯಿತು. ಕಣ್ಣು ಮೇಲಕ್ಕೆ ತಿರುಗಿತು. ಚಾಪೆಯ ಮೇಲೆ ಬಿದ್ದು ಒದ್ದಾಡಿದಳು, ಅರ್ಧ ಅನ್ನ ಚೆಲ್ಲಿತು. ನಾನು ಅವಳನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಕೈಯಿಟ್ಟು ಕೂತೆ.

ಎಚ್ಚರವಾದಾಗ ಅವಳು ನನ್ನ ಮುಖವನ್ನಲ್ಲ, ಬಾಗಿಲನ್ನು ನೋಡಿದಳು.

"ನಾನು ಹೆಸರು ಹೇಳಿಬಿಟ್ನಾ?"

"ಇಲ್ಲಮ್ಮ."

"ಸದ್ಯ," ಅಂದಳು. "ಆ ಕರಿಬಟ್ಟೆಯವರು ಇಲ್ಲೇ ನಿಂತಿದ್ರು."

ಆಚಾರ್ ಉಳಿದ ಅನ್ನವನ್ನು ಹೆಸರಿಲ್ಲದ ಸತ್ತವರ ಪಾಲಿಗೆ ಸೇರಿಸಿದ.

ಮರುವರ್ಷ ಬೇಸಿಗೆಯಲ್ಲಿ, ಬಟ್ಟೆ ಒಗೆಯುತ್ತಿದ್ದಾಗ ಮಾತ್ರೆಗೂ ಜಗ್ಗದೆ ಮೂರ್ಛೆ ಬಂದು, ಅಮ್ಮ ಕೆರೆಯಲ್ಲಿ ಮುಳುಗಿ ಸತ್ತಳು. ಅಜ್ಜನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು.